ಈ ಜೇನು ಯಾವ ಹೂವಿನದ್ದು? ಲ್ಯಾಬಿನಲ್ಲಿ ಅದನ್ನು ಹೇಗೆ ಹೇಳುತ್ತಾರೆ

ಅಂಗಡಿಯಲ್ಲಿ ಈಗ ಬರೀ 'ಜೇನುತುಪ್ಪ' ಅಂತ ಬರೆದ ಬಾಟಲಿಗಳ ಜೊತೆಗೆ ಹೂವಿನ ಹೆಸರು ಹೊತ್ತ ಬಾಟಲಿಗಳೂ ಸಾಲಾಗಿ ನಿಂತಿರುತ್ತವೆ. ನೇರಳೆ ಜೇನು, ಕಾಫಿ ಹೂವಿನ ಜೇನು, ಲಿಚಿ ಜೇನು, ಅಂಟುವಾಳದ ಜೇನು. ಹೂವಿನ ಹೆಸರು ಬಂದ ಕೂಡಲೇ ರೇಟೂ ಏರುತ್ತದೆ. ಒಳಗಿರುವುದು ಮಾತ್ರ ಕಂದು ಬಣ್ಣದ ಸಿಹಿ ದ್ರವ. ಲೇಬಲ್ ಮೇಲೆ ನೇರಳೆ ಹಣ್ಣಿನ ಚಿತ್ರ ಇದೆ ಅಂತ ಅದು ನೇರಳೆ ಹೂವಿನದ್ದೇ ಅಂತ ನಂಬುವುದು ಹೇಗೆ?

ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನು ಮೊದಲೇ ಬದಿಗಿಟ್ಟುಬಿಡೋಣ. ನೀರಿಗೆ ಬಿಟ್ಟು ನೋಡುವುದು, ಬತ್ತಿ ಅದ್ದಿ ಹಚ್ಚುವುದು, ಪೇಪರ್ ಮೇಲೆ ಒಂದು ಹನಿ ಇಡುವುದು, ಇವೆಲ್ಲ ಹೆಚ್ಚೆಂದರೆ ದ್ರವ ಎಷ್ಟು ಗಟ್ಟಿ, ನೀರಿನಂಶ ಎಷ್ಟು ಅನ್ನುವುದನ್ನು ಅಂದಾಜಾಗಿ ಹೇಳುತ್ತವೆ. ಗಟ್ಟಿಯಾಗಿ ಕಾಯಿಸಿದ ಸಕ್ಕರೆ ಪಾಕ ಇವುಗಳಲ್ಲಿ ಆರಾಮಾಗಿ ಪಾಸಾಗುತ್ತದೆ. ನಮ್ಮ ತುಡುವೆ ಜೇನಿನಲ್ಲಿ ನೀರಿನಂಶ ಸಹಜವಾಗಿಯೇ ಜಾಸ್ತಿ. ಪಾಪ, ಅಸಲಿಯಾಗಿದ್ದೂ ಅದು ಫೇಲಾಗಬಹುದು.

ಇನ್ನೊಂದು ವಿಷಯ. 'ಇದು ಶುದ್ಧವಾ?' ಅನ್ನುವುದು ಒಂದು ಪ್ರಶ್ನೆ, 'ಯಾವ ಹೂವಿನದ್ದು?' ಅನ್ನುವುದು ಬೇರೆಯೇ ಪ್ರಶ್ನೆ. ಇವೆರಡೂ ಯಾವಾಗಲೂ ಕಲಸಿಹೋಗುತ್ತವೆ. ಕಬ್ಬು ಅಥವಾ ಮೆಕ್ಕೆಜೋಳದ ಸಕ್ಕರೆ ಬೆರೆಸಿದ್ದರೆ ಇಂಗಾಲದ ಐಸೊಟೋಪ್, ಅಂದರೆ ಇಂಗಾಲದ ಹಗುರ ಮತ್ತು ಭಾರದ ರೂಪಗಳನ್ನು, ಅಳೆದು ಹಿಡಿಯಬಹುದು. ಈ ಗಿಡಗಳು ಗಾಳಿಯಿಂದ ಇಂಗಾಲ ಹಿಡಿಯುವ ರೀತಿಯೇ ಬೇರೆ, ಅವುಗಳ ಸಕ್ಕರೆಯಲ್ಲಿ ಭಾರದ ಇಂಗಾಲ ಸ್ವಲ್ಪ ಜಾಸ್ತಿ. ಅಕ್ಕಿಯ ಪಾಕ ಬೆರೆಸಿದರೆ ಈ ಪರೀಕ್ಷೆಯ ಕಣ್ಣು ತಪ್ಪಿಸಬಹುದು, ಯಾಕೆಂದರೆ ಆ ವಿಷಯದಲ್ಲಿ ಭತ್ತ ಬಹುಪಾಲು ಹೂಗಿಡಗಳ ಗುಂಪಿಗೇ ಸೇರಿದ್ದು. ಕಲಬೆರಕೆಯ ಕಥೆ ದೊಡ್ಡದು, ಅದನ್ನು ಇಲ್ಲಿಗೇ ಬಿಡುತ್ತೇನೆ. ಒಂದು ಹನಿ ಸಕ್ಕರೆಯೂ ಬೆರೆಯದ ಅಪ್ಪಟ ಜೇನೂ ಹೂವಿನ ವಿಷಯದಲ್ಲಿ ಸುಳ್ಳು ಹೇಳಬಹುದು. ಈ ಲೇಖನ ಆ ಸುಳ್ಳನ್ನು ಹಿಡಿಯುವ ಬಗೆಯದ್ದು.

ಗುರುತು ಎಲ್ಲಿರುತ್ತದೆ?

ಯಾವ ಜೇನನ್ನೇ ತಗೊಳ್ಳಿ, ಅದರಲ್ಲಿ ಸುಮಾರು 80 ಭಾಗ ಸಕ್ಕರೆಗಳು, ಮುಖ್ಯವಾಗಿ ಫ್ರಕ್ಟೋಸ್ ಮತ್ತು ಗ್ಲೂಕೋಸ್. ಹದಿನೇಳು, ಹದಿನೆಂಟು, ಕೆಲವೊಮ್ಮೆ ಇಪ್ಪತ್ತು ಭಾಗ ನೀರು. ಇವೆರಡರ ಪ್ರಮಾಣ ಹೂವಿನಿಂದ ಹೂವಿಗೆ ಕೊಂಚ ಆಚೀಚೆ ಆಗುತ್ತದೆ. ಗ್ಲೂಕೋಸ್ ಜಾಸ್ತಿ ಇರುವ ಜೇನು ಬೇಗ ಹರಳುಗಟ್ಟುವುದು ಅದಕ್ಕೇ. ಆದರೆ ಬರೀ ಸಕ್ಕರೆ ನೋಡಿ ಹೂವನ್ನು ಹೇಳಲಾಗುವುದಿಲ್ಲ.

ಉಳಿಯುವ ಎರಡು ಮೂರು ಭಾಗದಲ್ಲಿ ಎಲ್ಲ ಅಡಗಿದೆ. ಆಮ್ಲಗಳು, ಖನಿಜಗಳು, ಕಿಣ್ವಗಳು, ಪರಾಗ, ಪರಿಮಳದ ವಸ್ತುಗಳು, ಗಿಡಗಳು ತಯಾರಿಸುವ ಫೀನಾಲ್ ಜಾತಿಯ ವಸ್ತುಗಳು. ಹೂವಿನ ಮಕರಂದ ಬರೀ ಸಕ್ಕರೆ ನೀರಲ್ಲ. ಗಿಡ ಅದರೊಳಗೆ ತನ್ನದೇ ಸಣ್ಣಪುಟ್ಟ ರಾಸಾಯನಿಕಗಳನ್ನೂ ಬಿಟ್ಟಿರುತ್ತದೆ. ಜೇನುನೊಣ ತನ್ನ ಕಿಣ್ವದಿಂದ ಸುಕ್ರೋಸನ್ನು, ಅಂದರೆ ನಾವು ಅಡುಗೆಗೆ ಬಳಸುವ ಸಕ್ಕರೆಯನ್ನೇ, ಒಡೆಯುತ್ತದೆ, ರೆಕ್ಕೆ ಬೀಸಿ ನೀರು ಆರಿಸುತ್ತದೆ. ಗಿಡದ ಆ ಸಣ್ಣ ವಸ್ತುಗಳಲ್ಲಿ ಎಷ್ಟೋ ಹಾಗೇ ಉಳಿದು, ನೀರು ಆರಿದ ಹಾಗೆ ಗಾಢವಾಗುತ್ತವೆ. ಲ್ಯಾಬಿನವರು ಹುಡುಕುವುದು ಇವನ್ನೇ.

ಪರಾಗ ನೋಡಿದರೆ ಸಾಕಲ್ವಾ?

ಹಳೆಯ ಪದ್ಧತಿ ಅದೇ. ಜೇನನ್ನು ನೀರಿನಲ್ಲಿ ಕರಗಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತ ಪರಾಗದ ಕಣಗಳನ್ನು ಮೈಕ್ರೋಸ್ಕೋಪಿನಡಿ ಎಣಿಸುತ್ತಾರೆ. ಒಂದೇ ಜಾತಿಯ ಪರಾಗ 45 ಶೇಕಡಾ ಮೀರಿದರೆ ಅದನ್ನು ಆ ಹೂವಿನ ಜೇನು ಅನ್ನುವ ರೂಢಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೂ ಒಂದೇ ಹೂವಿನ ಜೇನಿಗೆ ಇದೇ 45ರ ಗೆರೆಯನ್ನು ಇಟ್ಟುಕೊಂಡಿದೆ.

ಆದರೆ ಎಲ್ಲ ಹೂವೂ ಒಂದೇ ಲೆಕ್ಕದಲ್ಲಿ ಪರಾಗ ಉದುರಿಸುವುದಿಲ್ಲ. ಯುರೋಪಿನ ಚೆಸ್ಟ್‌ನಟ್ ಮರ ಎಷ್ಟು ಪರಾಗ ಸುರಿಯುತ್ತದೆ ಅಂದರೆ, ಅದರ ಜೇನು ಅನ್ನಿಸಿಕೊಳ್ಳಲು 90 ಶೇಕಡಾ ಬೇಕು ಅನ್ನುತ್ತಾರೆ. ಕಿತ್ತಳೆ ಜಾತಿಯ ಹೂವಿನದ್ದು ಉಲ್ಟಾ, ಅಲ್ಲಿ 10ರಿಂದ 20 ಶೇಕಡಾ ಸಿಕ್ಕರೂ ಸಾಕು. ಹೆಜ್ಜೇನಿನ ತಟ್ಟಿಯನ್ನು ಕೈಯಲ್ಲಿ ಹಿಂಡಿ ತೆಗೆದ ಜೇನಿನಲ್ಲಿ, ನೊಣ ಮರಿಗಳಿಗೆಂದು ಕೂಡಿಟ್ಟ ಪರಾಗವೂ ಸೇರಿಕೊಳ್ಳುತ್ತದೆ. ಅದು ಮಕರಂದ ಕೊಟ್ಟ ಹೂವಿನದ್ದೇ ಆಗಿರಬೇಕು ಅಂತೇನಿಲ್ಲ. ಫ್ಯಾಕ್ಟರಿಯಲ್ಲಿ ಸಣ್ಣ ಜರಡಿಯಲ್ಲಿ ಸೋಸಿದರೆ ಪರಾಗವೇ ಹೋಗಿಬಿಡುತ್ತದೆ. ಬೇಕಾದ ಪರಾಗವನ್ನು ಆಮೇಲೆ ಬೆರೆಸುವುದೂ ಕಷ್ಟದ ಕೆಲಸವಲ್ಲ.

ರಬ್ಬರ್ ಜೇನಿನದ್ದಂತೂ ತಮಾಷೆ. ಕೇರಳದಲ್ಲಿ, ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಎಲೆ ಉದುರಿ ಹೊಸ ಚಿಗುರು ಬರುವ ಹೊತ್ತಿಗೆ ಪೆಟ್ಟಿಗೆಗಳು ತುಂಬುತ್ತವೆ. ಆ ಜೇನು ಹೂವಿನಿಂದ ಬಂದದ್ದೇ ಅಲ್ಲ. ರಬ್ಬರಿನ ಮೂರು ಎಲೆಗಳು ತೊಟ್ಟಿಗೆ ಸೇರುವ ಜಾಗದಲ್ಲಿ ಸಣ್ಣ ಗ್ರಂಥಿಗಳಿವೆ, ಅವು ಒಸರುವ ಸಿಹಿಯನ್ನೇ ನೊಣ ಹೀರುತ್ತದೆ. ಎಲೆಯಲ್ಲಿ ಪರಾಗ ಎಲ್ಲಿಂದ ಬರಬೇಕು? ರಬ್ಬರ್ ಜೇನನ್ನು ಪರಾಗ ಎಣಿಸಿ ಗುರುತಿಸಲು ಹೊರಟರೆ, ಆ ಹೊತ್ತಿಗೆ ಸುತ್ತಮುತ್ತ ಅರಳಿದ್ದ ಬೇರೆ ಗಿಡಗಳ ಹೆಸರು ಸಿಗುತ್ತದೆ.

ಒಂದು ಹೂವಿಗೆ ಒಂದು ರಾಸಾಯನಿಕ ಸಿಕ್ಕರೆ?

ಹಾಗೆ ಸಿಕ್ಕಿದರೆ ಲ್ಯಾಬಿನವರಿಗೆ ಹಬ್ಬ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಸ್ಟ್ರಾಬೆರಿ ಮರ ಅಂತ ಕರೆಯುವ ಒಂದು ಗಿಡ ಇದೆ. ನಾವು ತಿನ್ನುವ ಸ್ಟ್ರಾಬೆರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಜೇನು ಕಹಿ. ಅದರಲ್ಲಿ ಹೋಮೋಜೆಂಟಿಸಿಕ್ ಆಮ್ಲ ಕಿಲೋಗೆ ನೂರಾರು ಮಿಲಿಗ್ರಾಂ ಸಿಗುತ್ತದೆ. ಬೇರೆ ಹೂಗಳ ಜೇನಿನಲ್ಲಿ ಈ ಪ್ರಮಾಣದಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಅದು ಸಿಕ್ಕರೆ ಗುರುತು ಪಕ್ಕಾ. (ಅಲ್ಕಾಪ್ಟೊನ್ಯೂರಿಯಾ ಅನ್ನುವ ಅಪರೂಪದ ಕಾಯಿಲೆಯಲ್ಲಿ ಮೂತ್ರ ಕಪ್ಪಾಗುವುದೂ ಇದೇ ವಸ್ತುವಿನಿಂದ. ಜೇನು ತಿನ್ನುವವರಿಗೆ ಅದರಿಂದ ಭಯವೇನೂ ಬೇಡ.)

ಕಿತ್ತಳೆ ಹೂವಿನ ಜೇನಿಗೆ ಮೀಥೈಲ್ ಆಂಥ್ರನಿಲೇಟ್ ಅನ್ನುವ ಪರಿಮಳದ ವಸ್ತು ಗುರುತು. ಆದರೆ ಅದು ಆವಿಯಾಗುವ ಜಾತಿಯದ್ದು, ಜೇನನ್ನು ಬಿಸಿ ಮಾಡಿದರೆ, ತುಂಬಾ ದಿನ ಇಟ್ಟರೆ ಕಮ್ಮಿಯಾಗುತ್ತದೆ. ಬಹುಪಾಲು ಹೂಗಳ ಪಾಡು ಹೀಗೇ. ಒಂದು ವಸ್ತು ಸಿಗುತ್ತದೆ, ಆದರೆ ಅದು ಇನ್ನೊಂದು ಹೂವಿನಲ್ಲೂ ಇರುತ್ತದೆ. ಇಲ್ಲವೇ ಅದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಇಲ್ಲವೇ ಅದನ್ನು ದುಡ್ಡು ಕೊಟ್ಟು ತಂದು ಬೆರೆಸಬಹುದು. ಈ ಮೂರು ತಲೆನೋವೂ ಒಟ್ಟಿಗೆ ಬಂದದ್ದು ನ್ಯೂಜಿಲೆಂಡಿನ ಮಾನುಕಾ ಜೇನಿಗೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಾನುಕಾ: ದುಡ್ಡು ಹುಟ್ಟಿಸಿದ ವಿಜ್ಞಾನ

ಮಾನುಕಾ ಅಂದರೆ ಬಿಳಿ ಹೂ ಬಿಡುವ ಪೊದೆಯಂಥ ಗಿಡ. ನಮ್ಮ ನೇರಳೆ, ಸೀಬೆ, ನೀಲಗಿರಿಗಳ ಕುಟುಂಬಕ್ಕೇ ಸೇರಿದ್ದು. 1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಈ ಜೇನಿನಲ್ಲಿ ಒಂದು ವಿಚಿತ್ರ ಕಂಡರು. ಸಾಮಾನ್ಯವಾಗಿ ಜೇನು ಬ್ಯಾಕ್ಟೀರಿಯಾ ಕೊಲ್ಲುವುದು ಬಹುಪಾಲು ಹೈಡ್ರೋಜನ್ ಪೆರಾಕ್ಸೈಡ್‌ನಿಂದ. ಆ ಪೆರಾಕ್ಸೈಡನ್ನು ತೆಗೆದುಹಾಕಿದ ಮೇಲೂ ಮಾನುಕಾ ಜೇನು ಬ್ಯಾಕ್ಟೀರಿಯಾ ಕೊಲ್ಲುತ್ತಲೇ ಇತ್ತು. ಕಾರಣ ಗೊತ್ತಾದದ್ದು 2008ರಲ್ಲಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹೆನ್ಲೆ ಅವರ ತಂಡ ಅದು ಮೀಥೈಲ್‌ಗ್ಲೈಆಕ್ಸಲ್, ಚಿಕ್ಕದಾಗಿ ಎಂಜಿಒ, ಅಂತ ತೋರಿಸಿತು. ಮಾಮೂಲಿ ಜೇನಿನಲ್ಲಿ ಕಿಲೋಗೆ ಕೆಲವೇ ಮಿಲಿಗ್ರಾಂ ಇರುವ ಇದು ಅವರು ನೋಡಿದ ಮಾನುಕಾ ಮಾದರಿಗಳಲ್ಲಿ 38ರಿಂದ 761 ಮಿಲಿಗ್ರಾಂವರೆಗೆ ಇತ್ತು.

ಬಾಟಲಿ ಮೇಲೆ ಎಂಜಿಒ ಅಂಕಿ ಬಂತು, ಅಂಕಿಗೆ ತಕ್ಕ ಬೆಲೆ ಬಂತು. ಆಮೇಲೆ ಆಗುವುದು ಗೊತ್ತೇ ಇದೆ. ನ್ಯೂಜಿಲೆಂಡ್ ವರ್ಷಕ್ಕೆ ತೆಗೆಯುವ ಮಾನುಕಾ ಜೇನು ಸುಮಾರು 1,700 ಟನ್, ಲೋಕದಲ್ಲಿ ಆ ಹೆಸರಲ್ಲಿ ಮಾರಾಟವಾಗುವುದು 10,000 ಟನ್ ಅನ್ನುವ ಅಂದಾಜನ್ನು ಅಲ್ಲಿನ ಜೇನು ಉದ್ಯಮದವರೇ ಹೇಳುತ್ತಿದ್ದರು.

ಹಾಗಿದ್ದರೆ ಎಂಜಿಒ ಅಳೆದು ನೋಡಿದರೆ ಆಯಿತಲ್ಲ? ಇಲ್ಲೇ ವಿಷಯ ಸ್ವಾರಸ್ಯವಾಗುವುದು. ಮಾನುಕಾ ಮಕರಂದದಲ್ಲಿ ಎಂಜಿಒ ಇರುವುದೇ ಇಲ್ಲ. ಅಲ್ಲಿರುವುದು ಡೈಹೈಡ್ರಾಕ್ಸಿ ಅಸಿಟೋನ್. ಅದು ಜೇನಿನೊಳಗೆ ತಿಂಗಳುಗಟ್ಟಲೆ ಕೂತು ಮೆಲ್ಲಗೆ ಎಂಜಿಒ ಆಗಿ ಬದಲಾಗುತ್ತದೆ. ಹೊಸ ಜೇನಿನಲ್ಲಿ ಅಂಕಿ ಕಮ್ಮಿ, ಇಟ್ಟ ಜೇನಿನಲ್ಲಿ ಜಾಸ್ತಿ. ಬೆಚ್ಚಗಿಟ್ಟರೆ ಇನ್ನೂ ಬೇಗ ಏರುತ್ತದೆ. ಆದರೆ ಬೆಚ್ಚಗಿಟ್ಟರೆ ಎಚ್‌ಎಂಎಫ್ ಅನ್ನುವ ಇನ್ನೊಂದು ವಸ್ತುವೂ ಏರುತ್ತದೆ. ಅದು ಜೇನು ಬಿಸಿ ಕಂಡಿದೆ, ಹಳತಾಗಿದೆ ಅನ್ನುವುದಕ್ಕೆ ಸಾಕ್ಷಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದಕ್ಕೆ ಕಿಲೋಗೆ 40 ಮಿಲಿಗ್ರಾಂ ಮಿತಿ, ಉಷ್ಣವಲಯದ ಜೇನಿಗೆ 80. ಅಂಕಿ ಏರಿಸುವ ಆಸೆಗೆ ಒಂದು ಲಗಾಮು ಇದು.

ಆದರೆ ಕಾಯುವ ತಾಳ್ಮೆ ಇಲ್ಲದವರೂ ಇರುತ್ತಾರೆ. ಈ ಡೈಹೈಡ್ರಾಕ್ಸಿ ಅಸಿಟೋನ್ ಬಿಸಿಲಿಲ್ಲದೆ ಮೈಬಣ್ಣ ಕಂದು ಮಾಡಿಕೊಳ್ಳುವ ಕ್ರೀಮುಗಳಲ್ಲಿ ಬಳಸುವ ಮಾಮೂಲಿ ವಸ್ತು. ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ, ಕೊಳ್ಳಬಹುದು. ಅದನ್ನೂ ಕೃತಕ ಎಂಜಿಒವನ್ನೂ ಜೇನಿಗೆ ಬೆರೆಸಿದ್ದಕ್ಕೆ ಅಲ್ಲಿನ ಒಂದು ಕಂಪನಿ ಕೋರ್ಟಿನಲ್ಲಿ ದಂಡ ಕಟ್ಟಿದೆ.

ಪರಾಗವನ್ನಾದರೂ ನೋಡೋಣ ಅಂದರೆ ಅಲ್ಲೂ ತೊಡಕು. ಮಾನುಕಾ ಬೆಳೆಯುವ ಕಡೆಯಲ್ಲೇ ಕಾನುಕಾ ಅನ್ನುವ ಅದರ ದಾಯಾದಿ ಗಿಡವೂ ಬೆಳೆಯುತ್ತದೆ. ಎರಡರ ಪರಾಗವನ್ನೂ ಮೈಕ್ರೋಸ್ಕೋಪಿನಡಿ ಬೇರ್ಪಡಿಸಲಾಗುವುದಿಲ್ಲ. ಈ ಸಮಸ್ಯೆ ನಮಗೂ ಹೊಸದಲ್ಲ. ನೇರಳೆ ಮತ್ತು ನೀಲಗಿರಿ ಒಂದೇ ಕುಟುಂಬದವು, ಎರಡರ ಪರಾಗವೂ ಮೂರು ಮೂಲೆಯ ಸಣ್ಣ ಕಣ, ಬಿಡಿಸಿ ಹೇಳಲು ಪಳಗಿದ ಕಣ್ಣು ಬೇಕು. ನೀಲಗಿರಿ ನೆಡುತೋಪುಗಳು ಇರುವ ಊರಿನಿಂದ 'ನೇರಳೆ ಜೇನು' ಬಂದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಗೆರೆ ಎಳೆದ ಬಗೆ

ಕೊನೆಗೆ ನ್ಯೂಜಿಲೆಂಡ್ ಸರ್ಕಾರದ ಪ್ರಾಥಮಿಕ ಕೈಗಾರಿಕೆಗಳ ಸಚಿವಾಲಯವೇ ಕೆಲಸಕ್ಕಿಳಿಯಿತು. 700ಕ್ಕೂ ಹೆಚ್ಚು ಗಿಡದ ಮಾದರಿ, 800ಕ್ಕೂ ಹೆಚ್ಚು ಜೇನಿನ ಮಾದರಿ ಕಲೆಹಾಕಿದರು. ಮಾನುಕಾ ಮಾತ್ರ ಅಲ್ಲ, ಕಾನುಕಾ, ಕ್ಲೋವರ್, ಬೇರೆ ದೇಶದ ಜೇನುಗಳೂ ಇದ್ದವು. ಯಾವ ವಸ್ತು ಎಲ್ಲಿ ಎಷ್ಟಿದೆ ಅಂತ ಅಳೆದು, ಕಂಪ್ಯೂಟರಿಗೆ ಕೊಟ್ಟು, 'ಇದಕ್ಕಿಂತ ಜಾಸ್ತಿ ಇದ್ದರೆ ಈ ಕಡೆ, ಕಮ್ಮಿ ಇದ್ದರೆ ಆ ಕಡೆ' ಅಂತ ಕವಲೊಡೆಯುವ ನಿಯಮಗಳನ್ನು ತೆಗೆದರು. ಅದರಿಂದ ಹೊರಬಂದದ್ದು ನಾಲ್ಕು ರಾಸಾಯನಿಕ ಮತ್ತು ಒಂದು ಡಿಎನ್‌ಎ ಗುರುತು. 2018ರ ಫೆಬ್ರವರಿ 5ರಿಂದ ಮಾನುಕಾ ಅಂತ ರಫ್ತಾಗುವ ಜೇನು ಈ ಐದನ್ನೂ ದಾಟಬೇಕು.

ಪೂರ್ತಿ ಮಾನುಕಾ ಅನ್ನಿಸಿಕೊಳ್ಳಲು ಕಿಲೋ ಜೇನಿನಲ್ಲಿ 3-ಫಿನೈಲ್‌ಲ್ಯಾಕ್ಟಿಕ್ ಆಮ್ಲ ಕನಿಷ್ಠ 400 ಮಿಲಿಗ್ರಾಂ ಇರಬೇಕು. 2-ಮೆಥಾಕ್ಸಿ ಅಸಿಟೋಫಿನೋನ್ ಕನಿಷ್ಠ 5. 2-ಮೆಥಾಕ್ಸಿ ಬೆಂಜೋಯಿಕ್ ಆಮ್ಲ ಮತ್ತು 4-ಹೈಡ್ರಾಕ್ಸಿ ಫಿನೈಲ್‌ಲ್ಯಾಕ್ಟಿಕ್ ಆಮ್ಲ ತಲಾ ಕನಿಷ್ಠ 1. ಮೊದಲನೆಯದು 20ಕ್ಕೂ 400ಕ್ಕೂ ನಡುವೆ ಇದ್ದು, ಎರಡನೆಯದು 1 ದಾಟಿ, ಉಳಿದವೂ ಸರಿ ಇದ್ದರೆ ಅದು ಬೇರೆ ಹೂಗಳೂ ಸೇರಿದ ಮಾನುಕಾ. ಎಂಜಿಒ ಈ ಪಟ್ಟಿಯಲ್ಲೇ ಇಲ್ಲ ಅನ್ನುವುದನ್ನು ಗಮನಿಸಿ. ಬೆಲೆ ನಿಂತಿರುವುದು ಒಂದು ವಸ್ತುವಿನ ಮೇಲೆ, ಗುರುತು ನಿಂತಿರುವುದು ಬೇರೆ ವಸ್ತುಗಳ ಮೇಲೆ.

ಇದನ್ನು ಅಳೆಯುವ ಯಂತ್ರಕ್ಕೆ ಎಲ್‌ಸಿ-ಎಂಎಸ್ ಅನ್ನುತ್ತಾರೆ. ಜೇನನ್ನು ತೆಳ್ಳಗೆ ಮಾಡಿ, ಒತ್ತಡ ಹಾಕಿ, ಸಣ್ಣ ಪುಡಿ ತುಂಬಿದ ಕೊಳವೆಯೊಳಗೆ ನೂಕುತ್ತಾರೆ. ಪುಡಿಗೆ ಅಂಟುವ ಸ್ವಭಾವ ಒಂದೊಂದು ವಸ್ತುವಿಗೆ ಒಂದೊಂದು ಥರ. ಕಮ್ಮಿ ಅಂಟುವುದು ಬೇಗ ಹೊರಬರುತ್ತದೆ, ಜಾಸ್ತಿ ಅಂಟುವುದು ತಡವಾಗಿ. ಹೊರಬಂದದ್ದಕ್ಕೆ ವಿದ್ಯುದಂಶ ಕೊಟ್ಟು ತೂಗುತ್ತಾರೆ. 3-ಫಿನೈಲ್‌ಲ್ಯಾಕ್ಟಿಕ್ ಆಮ್ಲದ ಅಣು ತೂಕ 166. ಯಂತ್ರದಲ್ಲಿ ಅದು ಒಂದು ಹೈಡ್ರೋಜನ್ ಕಳೆದುಕೊಂಡು 165 ಅಂತ ಕಾಣಿಸುತ್ತದೆ. 165 ತೂಗುವ ವಸ್ತುಗಳು ಬೇರೆಯೂ ಇರಬಹುದಲ್ಲ? ಅದಕ್ಕೇ ಆ ಅಣುವನ್ನು ಅಲ್ಲೇ ಒಡೆದು, ಚೂರುಗಳನ್ನೂ ತೂಗುತ್ತಾರೆ. ನೀರು ಕಳಚಿಕೊಂಡ 147ರ ಚೂರು, ಇನ್ನೂ ಚಿಕ್ಕದಾದ 103ರ ಚೂರು. ಹೊರಬಂದ ಹೊತ್ತು, ಇಡೀ ತೂಕ, ಚೂರುಗಳ ತೂಕ ಎಲ್ಲವೂ ಅಸಲಿ ವಸ್ತುವಿನ ಜೊತೆ ತಾಳೆಯಾದರೆ ಮಾತ್ರ ಹೌದು ಅನ್ನುತ್ತಾರೆ.

ಐದನೆಯ ಡಿಎನ್‌ಎ ಪರೀಕ್ಷೆಯಲ್ಲಿ ಮಾನುಕಾ ಪರಾಗದ ಒಂದು ತುಣುಕು ಡಿಎನ್‌ಎಯನ್ನು ಸುತ್ತು ಸುತ್ತಾಗಿ ಇಮ್ಮಡಿ ಮಾಡುತ್ತಾ ಹೋಗುತ್ತಾರೆ. 36ನೇ ಸುತ್ತಿನ ಒಳಗೆ ಯಂತ್ರಕ್ಕೆ ಕಾಣಿಸಿದರೆ ಪಾಸ್. ಅದಕ್ಕೂ ಮೇಲೆ ಎಳೆದರೆ, ಸುಮ್ನೆ ಎಲ್ಲೋ ಹಾರಿಬಂದ ಒಂದೆರಡು ಕಣವೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಈ ನಾಲ್ಕು ರಾಸಾಯನಿಕದಲ್ಲಿ ಮಾನುಕಾಕ್ಕೆ ಮಾತ್ರ ಸೇರಿದ್ದು ಅಂತ ಒಂದೊಂದನ್ನೂ ಹೇಳಲಾಗುವುದಿಲ್ಲ. 3-ಫಿನೈಲ್‌ಲ್ಯಾಕ್ಟಿಕ್ ಆಮ್ಲ ಕಾನುಕಾದಲ್ಲೂ ಧಾರಾಳವಾಗಿದೆ. ಸಾರಿನ ಪುಡಿಯ ಹಾಗೆ ಇದು: ಕೊತ್ತಂಬರಿ, ಜೀರಿಗೆ, ಮೆಂತ್ಯ ಎಲ್ಲರ ಮನೆಯಲ್ಲೂ ಇದೆ, ಯಾವುದಕ್ಕೆ ಯಾವುದು ಎಷ್ಟು ಅನ್ನುವುದರಲ್ಲೇ ಇದು ಯಾರ ಮನೆಯ ಸಾರು ಅಂತ ಗೊತ್ತಾಗುವುದು. ಕಳ್ಳನಿಗೂ ಕಷ್ಟ. ಒಂದು ವಸ್ತು ಬೆರೆಸುವುದು ಸುಲಭ, ನಾಲ್ಕನ್ನೂ ಹದವಾಗಿ ಬೆರೆಸಿ ಡಿಎನ್‌ಎಯನ್ನೂ ಹೊಂದಿಸುವುದು ದುಬಾರಿ.

ಹಾಗಂತ ಈ ಗೆರೆ ದೇವರು ಎಳೆದದ್ದಲ್ಲ. 399 ಬಂದರೆ ಮಿಶ್ರ, 400 ಬಂದರೆ ಪೂರ್ತಿ. ಎರಡು ಡ್ರಮ್ಮಿನ ಜೇನು ಬೆರೆಸಿ ಸರಿಯಾಗಿ 400ಕ್ಕೆ ತಂದು ನಿಲ್ಲಿಸುವುದನ್ನು ಯಾವ ಯಂತ್ರವೂ ತಡೆಯಲಾರದು. 2-ಮೆಥಾಕ್ಸಿ ಅಸಿಟೋಫಿನೋನ್‌ನ ಮಿತಿ ಮೊದಲು 1 ಇತ್ತು. ಇದು ತೀರಾ ಸಡಿಲ ಅನ್ನುವ ಆಕ್ಷೇಪಗಳು ಬಂದ ಮೇಲೆ 2018ರ ಜನವರಿಯಲ್ಲಿ, ನಿಯಮ ಜಾರಿಗೆ ಬರುವ ತುಸು ಮುಂಚೆ, ಅದನ್ನು 5ಕ್ಕೆ ಏರಿಸಿದರು. ಜೇನು ಬದಲಾಗಲಿಲ್ಲ, ಗೆರೆ ಬದಲಾಯಿತು. ಯಂತ್ರ ಅಂಕಿ ಕೊಡುತ್ತದೆ ಅಷ್ಟೇ. ಆ ಅಂಕಿಗೆ ಹೂವಿನ ಹೆಸರು ಕೊಡುವುದು ಮನುಷ್ಯರು, ಅದೂ ಮೊದಲೇ ಅಸಲಿ ಮಾದರಿಗಳನ್ನು ಕೂಡಿಟ್ಟುಕೊಂಡವರು.

ಎನ್‌ಎಂಆರ್ ಅನ್ನುವ ದೊಡ್ಡ ಹೆಸರು

2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ 13 ಬ್ರಾಂಡಿನ ಜೇನು ಪರೀಕ್ಷಿಸಿ, ಜರ್ಮನಿಯ ಲ್ಯಾಬಿನ ಎನ್‌ಎಂಆರ್ ಪರೀಕ್ಷೆಯೂ ಸೇರಿ ಎಲ್ಲದರಲ್ಲೂ ಪಾಸಾದದ್ದು ಮೂರೇ ಅಂದಾಗ ಈ ಪದ ನಮ್ಮ ಟಿವಿಗಳಲ್ಲೂ ಓಡಾಡಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಅದಕ್ಕೂ ಮೊದಲೇ, ಆ ವರ್ಷದ ಆಗಸ್ಟ್‌ನಿಂದ ಅಮೆರಿಕಕ್ಕೆ ರಫ್ತಾಗುವ ಭಾರತದ ಜೇನಿಗೆ ಈ ಪರೀಕ್ಷೆ ಕಡ್ಡಾಯವಾಗಿತ್ತು.

ಎನ್‌ಎಂಆರ್ ಯಂತ್ರ ಒಂದೊಂದೇ ವಸ್ತುವನ್ನು ಹುಡುಕುವುದಿಲ್ಲ. ಜೋರಾದ ಅಯಸ್ಕಾಂತದ ಒಳಗಿಟ್ಟ ಜೇನಿನ ಹೈಡ್ರೋಜನ್ ಪರಮಾಣುಗಳು ರೇಡಿಯೋ ಅಲೆಗೆ ಉತ್ತರ ಕೊಡುತ್ತವೆ. ಯಾವ ಅಣುವಿನಲ್ಲಿ, ಯಾರ ಪಕ್ಕದಲ್ಲಿ ಕೂತಿವೆ ಅನ್ನುವುದರ ಮೇಲೆ ಆ ಉತ್ತರ ಬದಲಾಗುತ್ತದೆ. ಸಿಗುವುದು ನೂರಾರು ಶಿಖರಗಳ ಒಂದು ಗ್ರಾಫ್. ಅದನ್ನು ಕಂಪ್ಯೂಟರಿನಲ್ಲಿರುವ ಸಾವಿರಾರು ಜೇನುಗಳ ಗ್ರಾಫ್ ಜೊತೆ ಹೋಲಿಸುತ್ತಾರೆ. ಹೂವನ್ನೂ ಇದು ಹೇಳಬಲ್ಲದು, ಆ ಹೂವಿನ ಅಸಲಿ ಜೇನು ಸಾಕಷ್ಟು ಆ ಸಂಗ್ರಹದಲ್ಲಿದ್ದರೆ. ಹೊರದೇಶದ ನೊಣಗಳ, ಹೊರದೇಶದ ಹೂಗಳ ಜೇನಿನಿಂದ ತುಂಬಿದ ಸಂಗ್ರಹದ ಮುಂದೆ ಮಲೆನಾಡಿನ ತುಡುವೆಯ ಮತ್ತಿ ಹೂವಿನ ಜೇನನ್ನು ಇಟ್ಟರೆ ಅದು ತಬ್ಬಿಬ್ಬಾಗುವುದು ಸಹಜ.

ಕೊಡಗಿನ ಕಾಫಿ ಜೇನನ್ನು ಪರೀಕ್ಷಿಸುವುದಾದರೆ

ಇದನ್ನೊಂದು ಲೆಕ್ಕದ ಹಾಗೆ ಬಿಡಿಸಿ ನೋಡಬಹುದು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಹೂವು ನಿಲ್ಲುವುದು ಕೆಲವೇ ದಿನ. ಕಾಫಿ ಹೂವಿನ ಮಕರಂದದಲ್ಲಿ ಕೆಫೀನ್ ಇದೆ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅದು ನೊಣಗಳ ನೆನಪಿನ ಶಕ್ತಿಯನ್ನು ಹೆಚ್ಚಿಸುತ್ತದೆ ಅಂತಲೂ ತೋರಿಸಿತು. ಹಾಗಾದರೆ ಜೇನಿನಲ್ಲಿ ಕೆಫೀನ್ ಸಿಕ್ಕರೆ ಕಾಫಿ ಜೇನು, ಮುಗಿಯಿತಲ್ಲ?

ಮುಗಿಯಲಿಲ್ಲ. ಅದೇ ಸಂಶೋಧನೆ ಕಿತ್ತಳೆ, ನಿಂಬೆ ಜಾತಿಯ ಹೂವಿನ ಮಕರಂದದಲ್ಲೂ ಕೆಫೀನ್ ಕಂಡಿತು. ಕೊಡಗಿನ ಕಿತ್ತಳೆ ಬೆಳೆಯುವುದು ಎಲ್ಲಿ? ಕಾಫಿ ತೋಟದ ಒಳಗೇ. ಹಾಗಾಗಿ ಕೆಫೀನ್ ಒಂದನ್ನೇ ನಂಬುವ ಹಾಗಿಲ್ಲ. ಅದು ಎಷ್ಟಿದೆ ಅಂತ ನೋಡಬೇಕು. ಕಾಫಿ ಗಿಡದ ಇನ್ನೊಂದು ವಸ್ತುವಾದ ಟ್ರೈಗೊನೆಲಿನ್ ಜೊತೆಗಿದೆಯಾ ನೋಡಬೇಕು. ಕಿತ್ತಳೆಯ ಗುರುತಾದ ಮೀಥೈಲ್ ಆಂಥ್ರನಿಲೇಟ್ ಇಣುಕುತ್ತಿದೆಯಾ ನೋಡಬೇಕು. ಸೋಸದ ಜೇನಾದರೆ ಪರಾಗವನ್ನೂ ಎಣಿಸಬೇಕು. ಇದೆಲ್ಲಕ್ಕಿಂತ ಮೊದಲು, ಹೂವು ಅರಳಿದ ಆ ಕೆಲವು ದಿನಗಳಲ್ಲೇ ಖಾಲಿ ಚೌಕಟ್ಟು ಇಟ್ಟು ತುಂಬಿಸಿಕೊಂಡ, ಎಲ್ಲಿಯದು ಅಂತ ಅನುಮಾನವೇ ಇಲ್ಲದ ಜೇನು ಬೇಕು. ರೋಬಸ್ಟಾ ತೋಟದ್ದು ಬೇರೆ, ಅರೇಬಿಕಾ ತೋಟದ್ದು ಬೇರೆ, ಎರಡು ಮೂರು ವರ್ಷದ್ದು. ಹೋಲಿಸಲು ಅದಿಲ್ಲದೆ ಯಂತ್ರ ಕೊಡುವ ಅಂಕಿ ಬರೀ ಅಂಕಿ.

ನಮ್ಮ ನಿಯಮಗಳಲ್ಲಿ ಒಂದು ಸ್ಥಳೀಯ ಹೂವಿಗೆ ಮಾತ್ರ ಹೆಸರು ಹಿಡಿದು ರಿಯಾಯಿತಿ ಇದೆ: ಕಾರ್ವಿ, ಸಹ್ಯಾದ್ರಿಯಲ್ಲಿ ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೇ ಅರಳುವ ಪೊದೆ. ಬೇರೆ ಹೂಗಳ ಜೇನಿನಲ್ಲಿ ಸುಕ್ರೋಸ್ 5 ಶೇಕಡಾ ಮೀರಬಾರದು, ಕಾರ್ವಿ ಜೇನಿನಲ್ಲಿ 10ರವರೆಗೆ ಇರಬಹುದು. ಈ ರಿಯಾಯಿತಿ ಇಲ್ಲದಿದ್ದರೆ ಅಸಲಿ ಕಾರ್ವಿ ಜೇನೂ ಸಕ್ಕರೆ ಬೆರೆಸಿದ್ದು ಅಂತ ಫೇಲಾಗುತ್ತಿತ್ತು.

ಹೂವಿನ ಹೆಸರಿನ ಜೇನು ಕೊಳ್ಳುವಾಗ ಮಾರುವವರು ಲ್ಯಾಬ್ ರಿಪೋರ್ಟ್ ತೋರಿಸಿದರೆ, ಕೊನೆಯ ಸಾಲಿನ 'ಪಾಸ್' ನೋಡಿ ಸುಮ್ಮನಾಗಬೇಡಿ. ಯಾವ ಪರೀಕ್ಷೆ ಅಂತ ಓದಿ. ಐಸೊಟೋಪ್, ಎಚ್‌ಎಂಎಫ್, ಸುಕ್ರೋಸ್ ಅಂತಷ್ಟೇ ಇದ್ದರೆ ಆ ರಿಪೋರ್ಟ್ ಉತ್ತರಿಸಿರುವುದು ಶುದ್ಧವಾ ಅನ್ನುವ ಮೊದಲ ಪ್ರಶ್ನೆಗೆ. ಪರಾಗದ ಶೇಕಡಾವಾರು ಲೆಕ್ಕವೋ, ಆ ಹೂವಿಗೆ ಸಂಬಂಧಪಟ್ಟ ರಾಸಾಯನಿಕದ ಅಳತೆಯೋ ಇದ್ದರೆ ಮಾತ್ರ ಹೂವಿನ ಬಗ್ಗೆ ಯಾರೋ ನೋಡಿದ್ದಾರೆ ಅಂತ ಅರ್ಥ.